ತಂತ್ರಾಂಶದ ಸತ್ತ್ವಪರೀಕ್ಷೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಕೆರೆಯೊಂದನ್ನು ಪರೀಕ್ಷಿಸುವ ಬಗೆ ತಾನಾಗಿಯೇ ತೋರುತ್ತದೆ. ತೂಬು ತೆರೆದರೆ ನೀರು ಹೊರಡಬೇಕು, ಮುಚ್ಚಿದರೆ ನಿಲ್ಲಬೇಕು. ಇದು ಮೊದಲನೆಯ ಪರೀಕ್ಷೆ. ಬೇಸಗೆಯಲ್ಲಿಯೂ ಮಾಡಿ ನೋಡಬಹುದು. ಆದರೆ ಮಳೆಗಾಲದಲ್ಲಿ ಹರಿದ್ರಾ ಹಳ್ಳವು ಉಕ್ಕಿ ಬಂದಾಗ ಏರಿ ತಡೆದೀತೆ? ಕೋಡಿ ಸಾಲುವುದೆ? ಇದು ಎರಡನೆಯದು. ಊರುಗಳ ಅಳಿವು ಉಳಿವು ನಿಂತಿರುವುದು ಈ ಎರಡನೆಯದರ ಮೇಲೆ.

ಗಣಕಯಂತ್ರವನ್ನು ನಡೆಸುವ ಆದೇಶಗಳ ಮಾಲೆಗೆ ತಂತ್ರಾಂಶವೆಂದು ಹೆಸರು. ಅದಕ್ಕೂ ಈ ಎರಡು ಪರೀಕ್ಷೆಗಳುಂಟು. ಸರ್ವೆ ನಂಬರು ಕೊಟ್ಟರೆ ಸರಿಯಾದ ಪಹಣಿ ಬರುವುದೆ ಎಂದು ನೋಡುವುದು ಕಾರ್ಯಪರೀಕ್ಷೆ. ಎಷ್ಟು ಬೇಗ ಬರುತ್ತದೆ, ಸಾವಿರ ಮಂದಿ ಒಟ್ಟಿಗೆ ಕೇಳಿದರೆ ಏನಾಗುತ್ತದೆ, ಕಳ್ಳನು ಒಳನುಗ್ಗಬಲ್ಲನೆ, ನಡುವೆ ವಿದ್ಯುತ್ತು ಹೋದರೆ ಅರ್ಧ ಬರೆದ ದಾಖಲೆಯ ಗತಿಯೇನು ಎಂಬುವು ಗುಣಪರೀಕ್ಷೆಯ ಪ್ರಶ್ನೆಗಳು.

ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಇಂತಹ ಗುಣವೊಂದನ್ನು ಮೊದಲೇ ಯೋಚಿಸಿದ್ದರು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೋಗಬೇಕು. ತಿದ್ದಿದವನು ನಾನಲ್ಲವೆಂದು ಆಮೇಲೆ ಹೇಳುವಂತಿಲ್ಲ!

ನೂಕುನುಗ್ಗಲಿನ ಪ್ರಶ್ನೆ ಇದಕ್ಕಿಂತ ಕಠಿನ. 2023ರ ಜೂನ್ 18ರಂದು ‘ಗೃಹಜ್ಯೋತಿ’ಯ ನೋಂದಣಿ ಆರಂಭವಾದಾಗ ‘ಸರ್ವರ್ ಇಲ್ಲ’ ಎಂಬ ಮಾತು ಊರೂರಿನಲ್ಲಿ ಕೇಳಿಬಂತು. ಸರ್ವರ್ ಇಲ್ಲದೆ ಇರಲಿಲ್ಲ, ಸಾಲು ಬೆಳೆದಿತ್ತು. ಇದರ ಗಣಿತ ಸೊಗಸಾಗಿದೆ. ಯಂತ್ರವೊಂದು ಸೆಕೆಂಡಿಗೆ ಸರಾಸರಿ 10 ಕೋರಿಕೆಗಳನ್ನು ತೀರಿಸಬಲ್ಲುದೆನ್ನಿ. ಹೊತ್ತುಗೊತ್ತಿಲ್ಲದೆ ಬರುವ ಕೋರಿಕೆಗಳು ಸೆಕೆಂಡಿಗೆ ಸರಾಸರಿ 5 ಇದ್ದರೆ ಉತ್ತರ ದೊರೆಯಲು ಸರಾಸರಿ 0.2 ಸೆಕೆಂಡು ಸಾಕು. 9 ಆದರೆ 1 ಸೆಕೆಂಡು. 9.9 ಆದರೆ 10 ಸೆಕೆಂಡು! ಬರುವ ಸಂಖ್ಯೆಯನ್ನು 10ರಿಂದ ಕಳೆದು, ಉಳಿದುದರಿಂದ 1ನ್ನು ಭಾಗಿಸಿದರೆ ಈ ಲೆಕ್ಕ ಸಿಕ್ಕುತ್ತದೆ. ಓದುಗರು ತಾವೇ ಮಾಡಿ ನೋಡಬಹುದು. ಬರುವುದು 10ನ್ನು ಮುಟ್ಟಿತೆಂದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಹತ್ತು ಮಂದಿ ಪರೀಕ್ಷಿಸಿ ‘ಎಲ್ಲ ಸರಿ’ ಎಂದ ತಂತ್ರಾಂಶವು ಹತ್ತು ಲಕ್ಷ ಮಂದಿಯ ಮುಂದೆ ಕುಸಿಯುವುದು ಹೀಗೆ. ಮುಂದಿನ ತಿಂಗಳು ‘ಗೃಹಲಕ್ಷ್ಮಿ’ಗೆ ಬಂದವರಿಗೆ ದಿನ, ವೇಳೆ, ಸ್ಥಳಗಳನ್ನು ಮೊದಲೇ ಗೊತ್ತುಮಾಡಿ ತಿಳಿಸಿದರು. ಯಂತ್ರವನ್ನು ದೊಡ್ಡದು ಮಾಡದೆಯೂ ಸಾಲನ್ನು ಚಿಕ್ಕದು ಮಾಡುವ ಬಗೆ ಇದು.

ಇದನ್ನು ಮುಂಚಿತವಾಗಿ ಅರಿಯುವುದು ಸಾಧ್ಯವೆ? ಸಾಧ್ಯ. ಸಾವಿರಾರು ಜನರ ವೇಷ ಧರಿಸಿ ಕೋರಿಕೆಗಳನ್ನು ಸುರಿಸುವ ಬೇರೊಂದು ತಂತ್ರಾಂಶವನ್ನು ಛೂಬಿಡುತ್ತಾರೆ. ಜೆಮೀಟರ್ ಎಂಬುದು ಇಂತಹ ಒಂದು ಉಪಕರಣ, ಉಚಿತವಾಗಿಯೇ ದೊರೆಯುತ್ತದೆ. ಭಾರವನ್ನು ಮೆಲ್ಲಮೆಲ್ಲನೆ ಏರಿಸಿ ಯಾವ ಹಂತದಲ್ಲಿ ಯಂತ್ರ ತತ್ತರಿಸಿತೆಂದು ಬರೆದಿಟ್ಟುಕೊಳ್ಳುತ್ತಾರೆ. ಆಗ ಸರಾಸರಿಯೊಂದನ್ನೇ ನಂಬಬಾರದು. ನೂರರಲ್ಲಿ 99 ಮಂದಿಗೆ 1 ಸೆಕೆಂಡಿನಲ್ಲಿಯೂ ಒಬ್ಬನಿಗೆ 101 ಸೆಕೆಂಡಿನಲ್ಲಿಯೂ ಉತ್ತರ ಬಂದರೆ ಸರಾಸರಿ 2 ಸೆಕೆಂಡು ಮಾತ್ರ. ಆ ಒಬ್ಬನು ಜಗಳೂರಿನ ಮೂಲೆಯ ಹಳ್ಳಿಯಿಂದ, ದುರ್ಬಲ ಸಂಪರ್ಕದ ಫೋನಿನಲ್ಲಿ, ಬೆಳೆವಿಮೆಯ ಕಡೆಯ ದಿನ ಅರ್ಜಿ ಹಾಕುತ್ತಿರುವವನಾದರೆ? ಬೆಂಗಳೂರಿನ ವೇಗದ ಸಂಪರ್ಕದಲ್ಲಷ್ಟೇ ಪರೀಕ್ಷಿಸಿದವರಿಗೆ ಅವನು ಕಾಣುವುದೇ ಇಲ್ಲ.

ಜನರ ನೂಕುನುಗ್ಗಲು ಒಂದು ಬಗೆಯಾದರೆ ದುರುದ್ದೇಶದ ನೂಕುನುಗ್ಗಲು ಇನ್ನೊಂದು. 2025ರ ಜನವರಿಯಲ್ಲಿ ರಾಜ್ಯದ ಆಸ್ತಿ ನೋಂದಣಿಯ ‘ಕಾವೇರಿ 2.0’ ಇದಕ್ಕೆ ಗುರಿಯಾಯಿತು. ಒಂದು ಸಂದರ್ಭದಲ್ಲಿ 14 ಅಂತರಜಾಲ ವಿಳಾಸಗಳಿಂದ, 62 ಖಾತೆಗಳ ಮೂಲಕ, 2 ಗಂಟೆಗಳಲ್ಲಿ 6.2 ಲಕ್ಷ ಕೋರಿಕೆಗಳು ಬಂದುವು. ಎಂದರೆ ಸೆಕೆಂಡಿಗೆ ಸುಮಾರು 86. ಕುತೂಹಲದ ಸಂಗತಿಯೆಂದರೆ, ಅವು ಬೀಗ ಒಡೆಯಲು ಬಂದುವಲ್ಲ. ಋಣಭಾರ ಪತ್ರವನ್ನು ಹುಡುಕಿಕೊಡೆಂದು, ಯಾರು ಬೇಕಾದರೂ ಕೇಳುವಂತೆಯೇ ಕೇಳಿದುವು. ತಂತ್ರಾಂಶ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತ ಹೋಗಿ ಬಸವಳಿಯಿತು. ರಾಜ್ಯದಾದ್ಯಂತ ನೋಂದಣಿ ಕುಂಠಿತವಾಯಿತು. ಒಂದೇ ವಿಳಾಸ ನಿಮಿಷಕ್ಕೆ ಎಷ್ಟು ಸಲ ಕೇಳಬಹುದೆಂಬ ಮಿತಿ, ಆ ಮಿತಿ ನಿಜವಾಗಿ ತಡೆಯುತ್ತದೆಯೆ ಎಂಬ ಪರೀಕ್ಷೆ, ಇವೆರಡೂ ಗುಣಪರೀಕ್ಷೆಗೆ ಸೇರಿದುವು.

ಸದ್ದಿಲ್ಲದ ಗುಣವೊಂದು ಉಂಟು: ಬದಲಾವಣೆಗೆ ಬಗ್ಗುವಿಕೆ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದುವು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹೊನ್ನಾಳಿಯಿಂದ ಒಡೆದ ನ್ಯಾಮತಿಯೂ ಒಂದು. ಹೊಲ ಅಲ್ಲೇ ಇದೆ, ಬದು ಕದಲಿಲ್ಲ. ಆದರೆ ತಾಲ್ಲೂಕಿನ ಹೆಸರನ್ನು ತಂತ್ರಾಂಶದ ಸಾಲುಸಾಲಿನಲ್ಲಿ ಹೆಣೆದಿಟ್ಟಿದ್ದರೆ ಒಂದೊಂದನ್ನೂ ಹುಡುಕಿ ತಿದ್ದಬೇಕು. ಪಟ್ಟಿಯೊಂದರಲ್ಲಿ ಬೇರೆಯಾಗಿ ಇಟ್ಟಿದ್ದರೆ ಪಟ್ಟಿಗೆ ಒಂದು ಹೆಸರು ಸೇರಿಸಿ, ಹಳ್ಳಿಗಳನ್ನು ಅದರಡಿಗೆ ತಂದರಾಯಿತು. ಜಾಣ ಪರೀಕ್ಷಕನು ಇಲ್ಲದ ತಾಲ್ಲೂಕೊಂದನ್ನು ತಾನೇ ಹುಟ್ಟಿಸಿ, ಹೊನ್ನಾಳಿಯ ಹಳ್ಳಿಯೊಂದನ್ನು ಅದಕ್ಕೆ ವರ್ಗಾಯಿಸಿ, ಹಳೆಯ ಪಹಣಿ ಇನ್ನೂ ಸಿಕ್ಕುತ್ತದೆಯೆ ಎಂದು ಹುಡುಕಿ ನೋಡುತ್ತಾನೆ.