ಸೇವೆಯ ಹಾದಿಯಲ್ಲಿ ವಿಶ್ರಾಂತಿಯ ತಂಗುದಾಣ

ಒಲ್ಲೆನೆನ್ನಲು ಅರಿಯದವರ ಹೆಗಲಿಗೇ ಹೊರೆ ಹೆಚ್ಚು. ನಮ್ಮ ಧರ್ಮಕೇಂದ್ರದ ಓರ್ವ ಯುವಕನ ವಿಷಯದಲ್ಲಿ ನಾವೇ ಈ ತಪ್ಪನ್ನೆಸಗಿದೆವು. ರೋಗಿಗಳ ಭೇಟಿ, ಭಾನುವಾರದ ಧರ್ಮೋಪದೇಶ, ಹಬ್ಬದ ಸಿದ್ಧತೆ ಎಲ್ಲಕ್ಕೂ ಅವನನ್ನೇ ಕರೆದೆವು. ಒಂದು ಸಂಜೆ ಅವನ ತಾಯಿ ಬಂದು, "ಫಾದರ್, ನನ್ನ ಮಗ ಊರಿಗೆಲ್ಲ ಬೇಕಾದವನು. ಮನೆಯಲ್ಲಿ ಮಾತ್ರ ಅವನ ಮುಖ ಕಂಡು ಬಹಳ ದಿನವಾಯಿತು" ಎಂದರು. ಅವನನ್ನು ಕರೆಸಿ ವಿಚಾರಿಸಿದಾಗ, ಗೆಳೆಯರೊಡನೆ ಒಂದು ಗಂಟೆ ಕಳೆದರೂ ಬಡವರ ಪಾಲನ್ನು ಕದ್ದಂತೆ ಭಾಸವಾಗುತ್ತದೆ ಎಂದನು. ಆ ಮಾತು ನಮ್ಮನ್ನು ಬಹುದಿನ ಕಾಡಿತು. ವಿಶ್ರಾಂತಿಯು ನಿಜವಾಗಿಯೂ ಕಳವೇ?

2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಸಂತಪದವಿಗೇರಿಸಿದ ಪಿಯೆರ್ ಜಾರ್ಜೊ ಫ್ರಸ್ಸಾತಿಯವರ ಬಾಳು ಇದಕ್ಕೆ ಉತ್ತರ ನೀಡುತ್ತದೆ. 1901ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಜನಿಸಿದ ಇವರು ಹೆಸರಾಂತ ಪತ್ರಿಕೋದ್ಯಮಿಯ ಮಗ. 1918ರಲ್ಲಿ ಸಂತ ವಿನ್ಸೆಂಟ್ ದೇ ಪೌಲ್ ಸಭೆಯನ್ನು ಸೇರಿ, ಗಣಿ ಎಂಜಿನಿಯರಿಂಗ್ ವ್ಯಾಸಂಗದ ನಡುವೆಯೂ ಬಡವರ ಮನೆಗಳಿಗೆ ಎಡೆಬಿಡದೆ ಹೋಗುತ್ತಿದ್ದರು. ಟ್ರಾಮಿನ ಹಣವನ್ನು ದಾನವಿತ್ತು ನಡೆದೇ ಮನೆ ಸೇರಿದ ದಿನಗಳುಂಟು.

ಇಷ್ಟು ದುಡಿದ ಈ ಯುವಕ ಪರ್ವತವನ್ನೇರಿದರು, ಹಿಮದ ಮೇಲೆ ಜಾರಿದರು, ಕುದುರೆ ಸವಾರಿ ಮಾಡಿದರು. 1924ರಲ್ಲಿ ಗೆಳೆಯರನ್ನು ಕೂಡಿಸಿ 'ತಿಪಿ ಲೋಸ್ಕಿ' ಎಂಬ ಕೂಟವನ್ನು ಕಟ್ಟಿದರು. ಸಂಶಯಾಸ್ಪದ ವ್ಯಕ್ತಿಗಳು ಎಂಬುದು ಆ ತಮಾಷೆಯ ಹೆಸರಿನ ಭಾವ. ಅಲ್ಲಿ ನಗೆಯೂ ಇತ್ತು, ಪರಸ್ಪರರಿಗಾಗಿ ಪ್ರಾರ್ಥನೆಯೂ ಇತ್ತು.

ಆ ಗೆಳೆತನದ ಬೆಲೆ ಕೊನೆಗೆ ತಿಳಿಯಿತು. 1925ರ ಜುಲೈ ತಿಂಗಳಲ್ಲಿ ಪೋಲಿಯೊ ಅವರನ್ನು ನೆಲಕ್ಕುರುಳಿಸಿತು. ಸಾವಿನ ಹಿಂದಿನ ದಿನ, ನಡುಗುವ ಕೈಯಿಂದ ಗೆಳೆಯನಿಗೊಂದು ಚೀಟಿ ಬರೆದರು. ಓರ್ವ ಬಡರೋಗಿಗೆ ಚುಚ್ಚುಮದ್ದು ತಲುಪಿಸಬೇಕು, ಮತ್ತೊಬ್ಬನ ಅಡವಿನ ಚೀಟಿಯನ್ನು ನವೀಕರಿಸಬೇಕು ಎಂಬುದೇ ಅದರ ವಿಷಯ. ಜುಲೈ 4ರಂದು, 24ರ ಹರೆಯದಲ್ಲಿ ತೀರಿಕೊಂಡರು. ಒಂಟಿಯಾಗಿ ದುಡಿದಿದ್ದರೆ ಆ ಚೀಟಿಯನ್ನು ಯಾರಿಗೆ ಬರೆಯಬೇಕಿತ್ತು?

ದುಡಿದ ದೇಹಕ್ಕೆ ನಿದ್ರೆ ಬೇಕಾದಂತೆ ದಣಿದ ಆತ್ಮಕ್ಕೂ ವಿನೋದ ಬೇಕೆಂದು ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ'ದಲ್ಲಿ ವಾದಿಸಿದ್ದಾರೆ. ಸದಾ ಬಿಗಿದ ಬಿಲ್ಲು ಮುರಿಯುತ್ತದೆ ಎಂಬ ಹಳೆಯ ದೃಷ್ಟಾಂತವನ್ನೂ ಅಲ್ಲಿ ನೀಡಿದ್ದಾರೆ. ಮನುಷ್ಯನ ಅಂತರಂಗವನ್ನು ಪ್ಲೇಟೋ ಎರಡು ಕುದುರೆಗಳ ರಥಕ್ಕೆ ಹೋಲಿಸಿದ. ನಮ್ಮ ಕಠೋಪನಿಷತ್ತು ಇಂದ್ರಿಯಗಳನ್ನು ಕುದುರೆಗಳೆಂದೂ ಮನಸ್ಸನ್ನು ಲಗಾಮೆಂದೂ ಕರೆಯಿತು. ಲಗಾಮನ್ನು ಸದಾ ಜಗ್ಗಿದರೆ ಕುದುರೆಯ ಬಾಯಿ ನೋಯುತ್ತದೆ. ಪೂರ್ತಿ ಬಿಟ್ಟರೆ ದಾರಿ ತಪ್ಪುತ್ತದೆ. ದೂರ ಸಾಗಬೇಕಾದ ಸವಾರನು ನಡುದಾರಿಯಲ್ಲಿ ಇಳಿದು, ಜೀನು ಸಡಿಲಿಸಿ, ಕುದುರೆಗೆ ನೀರುಣಿಸುತ್ತಾನೆ. ಅದೂ ಪಯಣದ ಭಾಗವೇ.

ಪ್ರೇಷಿತಕಾರ್ಯ ಮುಗಿಸಿ ಬಂದ ಶಿಷ್ಯರನ್ನು ಪ್ರಭು ಯೇಸು ನಿರ್ಜನ ಸ್ಥಳಕ್ಕೆ ವಿಶ್ರಾಂತಿಗಾಗಿ ಕರೆದೊಯ್ದ ಪ್ರಸಂಗ ಸಂತ ಮಾರ್ಕರ ಶುಭಸಂದೇಶದ 6ನೆಯ ಅಧ್ಯಾಯದಲ್ಲಿದೆ. ಜನರು ಅಲ್ಲಿಗೂ ಓಡೋಡಿ ಬಂದಾಗ ಪ್ರಭು ಗದರಲಿಲ್ಲ, ಮರುಗಿದರು. ವಿಶ್ರಾಂತಿಗೆ ಮಡಿ ಮೈಲಿಗೆಯ ಬೇಲಿಯಿಲ್ಲ. ಹಸಿದವನು ಕದ ತಟ್ಟಿದರೆ ಏಳಲೇಬೇಕು. ಆದರೆ ಏಳಲು ಶಕ್ತಿ ಉಳಿದಿರಬೇಕಷ್ಟೆ.

ನಾವು ಆ ಯುವಕನ ಹೊಣೆಗಳನ್ನು ನಾಲ್ವರಿಗೆ ಹಂಚಿದೆವು. ರೋಗಿಗಳ ಮನೆಗೆ ಈಗ ಇಬ್ಬಿಬ್ಬರಾಗಿ ಹೋಗುತ್ತಾರೆ. ನಮ್ಮೂರಿನಲ್ಲಿ ಏರಲು ಕುದುರೆಯಿಲ್ಲ, ಆಡಲು ಬಯಲಿದೆ. ವಾರಕ್ಕೊಂದು ಸಂಜೆ ಅವನು ಅಲ್ಲಿ ಗೆಳೆಯರೊಡನೆ ಚೆಂಡಾಡುತ್ತಾನೆ. ಮೊನ್ನೆ ಅವನ ತಾಯಿ, ಮಗ ಮನೆಯವರೊಡನೆ ಕುಳಿತು ಊಟ ಮಾಡಿದನೆಂದು ಹೇಳಿ ನಕ್ಕರು.

ಪ್ರಿಯ ಕುಟುಂಬಗಳೇ, ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಅವರನ್ನು ಹೊಗಳುವುದಷ್ಟೇ ಸಾಲದು. ಅವರ ಹೊರೆಯ ಒಂದು ತುದಿಗೆ ನೀವೂ ಕೈಕೊಡಿ.