ಎರಡೂ ಟಿಕೆಟ್ ಖರೇ

ಕೆಲವು ವರ್ಷಗಳ ಹಿಂದಿನ ಮಾತು. ದೀಪಾವಳಿಗೆ ಎರಡು ದಿನವಿತ್ತು. ಪುಣೆಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಹುಬ್ಬಳ್ಳಿ ಬಸ್ಸಿನ ಏಜೆಂಟರ ಫೋನ್ ಬಂತು.

"ಸಾಹೇಬ್ರ, ಹನ್ನೊಂದನೇ ಸೀಟಿಗೆ ಇಬ್ಬರು ಬಂದಾರ. ಎರಡೂ ಟಿಕೆಟ್ ಖರೇ ಅದಾವ. ಯಾರನ್ನ ಇಳಸ್ಲಿ?"

ಒಬ್ಬರು ಧಾರವಾಡಕ್ಕೆ ಹೊರಟಿದ್ದ ಅಜ್ಜಿ. ಇನ್ನೊಬ್ಬ ಹಿಂಜವಡಿಯಲ್ಲಿ ಕೆಲಸ ಮಾಡುವ ಹುಡುಗ. ಕೊನೆಗೆ ಹುಡುಗನೇ ಎದ್ದು ಡ್ರೈವರ್ ಪಕ್ಕ ಕೂತು ರಾತ್ರಿಯಿಡೀ ಹೋದನಂತೆ. ಆ ಟಿಕೆಟ್ ಮಾರಿದ ಪ್ರೋಗ್ರಾಮ್ ಬರೆದವನು ನಾನು. ಬರೆದ ಮೇಲೆ ನನ್ನ ಕಂಪ್ಯೂಟರಿನಲ್ಲಿ ನೂರಾರು ಸಲ ಓಡಿಸಿ ನೋಡಿದ್ದೆ, ಒಂದು ಸಲವೂ ತಪ್ಪಿರಲಿಲ್ಲ.

ತಪ್ಪು ಎಲ್ಲಿತ್ತು? ನನ್ನ ಪ್ರೋಗ್ರಾಮ್ ಮೂರು ಹೆಜ್ಜೆ ಇಡುತ್ತಿತ್ತು: ಸೀಟು ಖಾಲಿ ಇದೆಯೇ ನೋಡು, ಹಣ ತಗೋ, ಹೆಸರು ಬರೆ. ಒಬ್ಬರಾದ ಮೇಲೆ ಒಬ್ಬರು ಬಂದರೆ ಏನೂ ತೊಂದರೆಯಿಲ್ಲ. ಅಜ್ಜಿಯ ಮಗ ಫೋನಿನಲ್ಲಿ "ಖಾಲಿ ಇದೆ" ಎಂದು ನೋಡಿದ, ಹಣ ಕಟ್ಟುವುದರೊಳಗೆ ಹಿಂಜವಡಿಯ ಹುಡುಗನೂ "ಖಾಲಿ ಇದೆ" ಎಂದು ನೋಡಿದ. ಆಮೇಲೆ ಇಬ್ಬರ ಹೆಸರೂ ಬಿತ್ತು. ಹಿಂದೆ ಇದೇ ಏಜೆಂಟರು ಕಾಗದದ ಚಾರ್ಟಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಾಗ ಹೀಗಾಗುತ್ತಿರಲಿಲ್ಲ. ಚಾರ್ಟ್ ಒಂದೇ, ಪೆನ್ಸಿಲ್ಲೂ ಒಂದೇ. ಆ ಪೆನ್ಸಿಲ್ ಮಾಡುತ್ತಿದ್ದ ಕಾವಲನ್ನು ನಾನು ಗಮನಿಸಿಯೇ ಇರಲಿಲ್ಲ.

ಪರೀಕ್ಷೆಯಲ್ಲಿ ಯಾಕೆ ಸಿಕ್ಕಲಿಲ್ಲ ಎನ್ನುವುದಕ್ಕೆ ಸಣ್ಣ ಲೆಕ್ಕವಿದೆ. ಮೂರು ಮೂರು ಹೆಜ್ಜೆಯ ಎರಡು ಪ್ರೋಗ್ರಾಮುಗಳು ಒಟ್ಟಿಗೆ ಓಡಿದರೆ ಆ ಹೆಜ್ಜೆಗಳು 20 ಬಗೆಯಲ್ಲಿ ಹೆಣೆದುಕೊಳ್ಳಬಹುದು. ಹತ್ತು ಹತ್ತು ಹೆಜ್ಜೆಯಾದರೆ 1,84,756 ಬಗೆ. ಅಂಥವು ಮೂರಾದರೆ ಐದೂವರೆ ಲಕ್ಷ ಕೋಟಿ ದಾಟುತ್ತದೆ! ಇವುಗಳಲ್ಲಿ ಒಂದೆರಡೇ ಕೆಟ್ಟವು ಇರಬಹುದು. ಅವು ನನ್ನ ಮೇಜಿನ ಮೇಲೆ ಬರುವುದಿಲ್ಲ, ದೀಪಾವಳಿಯ ಗದ್ದಲದಲ್ಲಿ ಬರುತ್ತವೆ.

ಒಂದು ಸಾಮಾನನ್ನು ಒಂದು ಹೊತ್ತಿಗೆ ಒಬ್ಬರೇ ಮುಟ್ಟುವಂತೆ ಮಾಡುವುದು ಹೇಗೆ ಎಂಬುದಕ್ಕೆ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲೇ ಒಂದು ಪುಟದ ಲೇಖನದಲ್ಲಿ ದಾರಿ ತೋರಿಸಿದ್ದರು. ನಾನೂ ಪ್ರತಿ ಸೀಟಿಗೊಂದು ಬೀಗ ಹಾಕಿದೆ. ಒಂದು ವಾರ ನೆಮ್ಮದಿಯಾಗಿತ್ತು. ಆಮೇಲೆ ಹೊಸ ದೂರು ಬಂತು: ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ, ಟಿಕೆಟ್ ಬರುತ್ತಿಲ್ಲ. ನೋಡಿದರೆ, ಒಂದು ಕುಟುಂಬ 11ನ್ನು ಹಿಡಿದು 12ಕ್ಕೆ ಕಾಯುತ್ತಿದೆ, ಇನ್ನೊಂದು 12ನ್ನು ಹಿಡಿದು 11ಕ್ಕೆ ಕಾಯುತ್ತಿದೆ. ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ಎಲ್ಲರೂ ಸಣ್ಣ ನಂಬರಿನ ಸೀಟನ್ನೇ ಮೊದಲು ಹಿಡಿಯಬೇಕು ಎಂದು ನಿಯಮ ಮಾಡಿದ ಮೇಲೆ ಗಂಟು ಬಿಚ್ಚಿತು.

ಈ ಗಂಟಿನ ಪ್ರಸಿದ್ಧ ರೂಪವೂ ಡೈಕ್‌ಸ್ಟ್ರಾ ಅವರದೇ. ಅವರು ಅದನ್ನು ಪರೀಕ್ಷೆಯ ಪ್ರಶ್ನೆಯಾಗಿ ಕೊಟ್ಟಿದ್ದರು. ಟೋನಿ ಹೋರ್ ಅದಕ್ಕೆ ಊಟದ ಮೇಜಿನ ವೇಷ ಹಾಕಿದರು. ದುಂಡು ಮೇಜಿನ ಸುತ್ತ ಐವರು ತತ್ವಜ್ಞಾನಿಗಳು, ಇಬ್ಬಿಬ್ಬರ ನಡುವೆ ಒಂದೊಂದು ಫೋರ್ಕ್. ಉಣ್ಣಲು ಎಡದ್ದೂ ಬೇಕು, ಬಲದ್ದೂ ಬೇಕು. ಎಲ್ಲರೂ ಒಟ್ಟಿಗೆ ಎಡಗಡೆಯದನ್ನು ಎತ್ತಿಕೊಂಡರೆ ಐವರೂ ಉಪವಾಸ.

ಇದಕ್ಕೆ ನನಗೆ ಅತ್ಯಂತ ಇಷ್ಟವಾದ ಉತ್ತರ 1984ರದು. ಕೊಟ್ಟವರು ಐಐಟಿ ಮದ್ರಾಸಿನಲ್ಲಿ ಓದಿದ ಮಣಿ ಚಾಂಡಿ ಮತ್ತು ಐಐಟಿ ಕಾನ್ಪುರದಲ್ಲಿ ಓದಿದ ಜಯದೇವ ಮಿಶ್ರ. ಅವರ ನಿಯಮ ಇಷ್ಟು: ಉಂಡ ಮೇಲೆ ಕೈಲಿರುವ ಫೋರ್ಕ್ ಕೊಳಕು. ಪಕ್ಕದವನು ಕೇಳಿದರೆ ಅದನ್ನು ತೊಳೆದು ಕೊಡಲೇಬೇಕು. ಹಸಿದವನ ಕೈಗೆ ಬಂದ ಶುಚಿಯಾದ ಫೋರ್ಕನ್ನು ಅವನು ಉಣ್ಣುವವರೆಗೆ ಬಿಡಬೇಕಾಗಿಲ್ಲ. ಮೊದಲಿಗೆ ಎಲ್ಲ ಫೋರ್ಕುಗಳೂ ಕೊಳಕು. ಕಾಯುವ ಸಾಲು ಸುತ್ತಿ ಬಂದು ತನ್ನ ಬಾಲವನ್ನೇ ಹಿಡಿಯದಂತೆ ಅವನ್ನು ಹಂಚಿರಬೇಕು. ಮೇಲ್ವಿಚಾರಕ ಬೇಡ, ಗಡಿಯಾರ ಬೇಡ, ಯಾರೂ ಹಸಿದು ಸಾಯುವುದಿಲ್ಲ. ಎಂಜಲು ಮುಸುರೆಯಲ್ಲಿ ಬೆಳೆದ ನಮ್ಮಂಥವರಿಗೆ ಇದನ್ನು ಎರಡನೇ ಸಲ ವಿವರಿಸಬೇಕಾಗಿಲ್ಲ. ನಮ್ಮಜ್ಜಿಗೆ ಹೇಳಿದ್ದರೆ "ಇದರಾಗ ಹೊಸಾದೇನೈತೋ?" ಎನ್ನುತ್ತಿದ್ದಳು.

ಅದೇ ಇಬ್ಬರು 1988ರಲ್ಲಿ ಬರೆದ ಪುಸ್ತಕ, ಅದರಲ್ಲಿ ಯೂನಿಟಿ ಎಂದು ಕರೆದ ಪದ್ಧತಿ, ನನ್ನ ಕೆಲಸದ ಕ್ರಮವನ್ನೇ ಬದಲಿಸಿತು. ಮೊದಲು ಎರಡು ಬಗೆಯ ಮಾತು ಬರೆದುಕೊಳ್ಳಬೇಕು. ಯಾವುದು ಎಂದೆಂದಿಗೂ ಆಗಬಾರದು? ಒಂದು ಸೀಟಿಗೆ ಇಬ್ಬರು ಯಜಮಾನರು. ಯಾವುದು ಒಂದಲ್ಲ ಒಂದು ಹೊತ್ತಿಗೆ ಆಗಲೇಬೇಕು? ಕೇಳಿದವರಿಗೆ ಸೀಟು, ಇಲ್ಲವೇ "ಇಲ್ಲ" ಎಂಬ ಉತ್ತರ. ಮೊದಲನೆಯದು ಮಾತ್ರ ಸಾಕೆಂದರೆ ಒಂದೂ ಟಿಕೆಟ್ ಮಾರದ ಪ್ರೋಗ್ರಾಮ್ ಕೂಡ ಪಾಸಾಗುತ್ತದೆ, ಬಸ್ಸು ಖಾಲಿ ಹೋಗುತ್ತದೆ. ಆಮೇಲೆ ಪ್ರತಿ ಹೆಜ್ಜೆಯನ್ನೂ ಹಿಡಿದು, ಇದು ಆ ಮಾತನ್ನು ಮುರಿಯುತ್ತದೆಯೇ ಎಂದು ಕೇಳಬೇಕು. ಲಕ್ಷ ಕೋಟಿ ಹೆಣಿಗೆಗಳನ್ನು ಎಣಿಸುವ ಬದಲು ಹತ್ತಿಪ್ಪತ್ತು ಹೆಜ್ಜೆಗಳನ್ನು ನೋಡಿದರಾಯಿತು. ನಾನು ಹಾಗೆ ಕೂತ ದಿನ ಮೂರನೇ ಹೆಜ್ಜೆಯ ತಪ್ಪು ಅರ್ಧ ಗಂಟೆಯಲ್ಲಿ ಕಾಗದದ ಮೇಲೇ ಕಂಡಿತು: ಹೆಸರು ಬರೆಯುವಾಗ ಸೀಟು ಇನ್ನೂ ಖಾಲಿ ಇದೆಯೇ ಎಂದು ನಾನು ಕೇಳಿಯೇ ಇರಲಿಲ್ಲ.

ಕಂಪ್ಯೂಟರುಗಳು ಬೇರೆ ಬೇರೆ ಊರಿನಲ್ಲಿದ್ದರೆ ಇನ್ನೊಂದು ಪೇಚು. ಎರಡರ ಗಡಿಯಾರ ಒಂದೇ ಇರುವುದಿಲ್ಲ, ಯಾರು ಮೊದಲು ಕೇಳಿದರು ಎಂದು ಗಡಿಯಾರ ನೋಡಿ ತೀರ್ಮಾನಿಸಿದರೆ ಅನ್ಯಾಯವಾಗಬಹುದು. ಸಂದೇಶ ಕಳಿಸಿದ್ದು ಅದು ತಲುಪಿದ್ದಕ್ಕಿಂತ ಮೊದಲು, ಇಷ್ಟನ್ನು ಮಾತ್ರ ನಂಬಿ ಕ್ರಮ ಕಟ್ಟುವುದನ್ನು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ತೋರಿಸಿದರು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಮುಂದಿನ ದೀಪಾವಳಿಗೆ ಅದೇ ಬಸ್ಸಿನಲ್ಲಿ ಊರಿಗೆ ಹೊರಟೆ. ಏಜೆಂಟರು ಫೋನಿನಲ್ಲಿ ನನ್ನ ಟಿಕೆಟ್ ನೋಡಿದರು. ಆಮೇಲೆ ಜೇಬಿನಿಂದ ಮಡಚಿದ ಕಾಗದದ ಚಾರ್ಟ್ ತೆಗೆದು, ನನ್ನ ಸೀಟಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದರು.

"ಈಗೆಲ್ಲ ಸರಿ ಆಗೇತ್ರಿ, ಇದ್ಯಾಕ?" ಎಂದೆ.

"ಇರ್ಲಿ ಬಿಡ್ರಿ, ಸಾಹೇಬ್ರ."