ಬೇಲಿ ಮ್ಯಾಲಿನ ಕುಕ್ಕಿ ಬಳ್ಳಿ: ಹಣ್ಣು ತಿನ್ರಿ, ಕಾಯಿ ಬ್ಯಾಡ

ರೋಣ, ನರಗುಂದ, ಗಜೇಂದ್ರಗಡದ ಕಡೆ ಬೇಲಿ ಮ್ಯಾಲೆ, ಹೊಲದ ಬದುವಿನಾಗ ಕುಕ್ಕಿ ಬಳ್ಳಿ ಕಂಡರ ಕೈ ಹಾಕೋಕ್ಕಿಂತ ಮೊದಲು ಇಷ್ಟು ಕೇಳ್ರಿ.

ಇದು ಪ್ಯಾಶನ್ ಫ್ರೂಟ್ ಜಾತಿಯ ಕಾಡುಬಳ್ಳಿ. ಮೂಲ ಅಮೆರಿಕ ಖಂಡದ ಉಷ್ಣವಲಯ. ಎಲೆ ತಿಕ್ಕಿದರ ಕೆಟ್ಟ ವಾಸನೆ; ಅದಕ್ಕೇ ವಿಜ್ಞಾನಿಗಳು ಇಟ್ಟ ಹೆಸರು ಪ್ಯಾಸಿಫ್ಲೋರಾ ಫೀಟಿಡಾ, ಅಂದ್ರ ನಾರುವ ಬಳ್ಳಿ. ಕಾಯಿ ಸುತ್ತ ಬಲೆಯಂಥ ಅಂಟು ಹೊದಿಕೆ ಇರ್ತದ. ಸಣ್ಣ ಹುಳ ಅದರಾಗ ಸಿಕ್ಕು ಸಾಯ್ತಾವ. ಕಾಯಿಗೆ ಅದೇ ಕಾವಲು.

ಹಳದಿ, ಕಿತ್ತಳೆ ಬಣ್ಣಕ್ಕ ತಿರುಗಿ ಪೂರ್ತಿ ಮಾಗಿದ ಹಣ್ಣಿನ ತಿರುಳು ಸಿಹಿ, ತಿನ್ನಬಹುದು. ಆದರ ಎಲೆ, ಹಸಿರು ಕಾಯಿಯೊಳಗ ಸೈನೈಡ್ ಬಿಡುವ ಅಂಶ ಇರ್ತದ. ವಿಡಿಯೋ ನೋಡಿ ಕಷಾಯ ಮಾಡಬ್ಯಾಡ್ರಿ. ಮಕ್ಕಳು ಕಾಯಿ ತಿಂದು ವಾಂತಿ, ತಲೆಸುತ್ತು ಅಂದ್ರ ತಡ ಮಾಡದ ಆಸ್ಪತ್ರೆಗೆ ಒಯ್ರಿ.